ಶಿಕ್ಷಕರಾಗಬಯಸುವವರು ಅರ್ಜಿ ಹಾಕುವ ಮುನ್ನ: ಬಿ.ಇಡಿ., ಡಿ.ಎಲ್.ಇಡಿ. ಮತ್ತು ನಾಲ್ಕು ವರ್ಷದ ಕೋರ್ಸಿನ ಕುರಿತು



ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಈ ಸಾಲಿನಿಂದ ‘ಶಿಕ್ಷಕ ತರಬೇತಿ’ ಎಂಬ ಪ್ರತ್ಯೇಕ ಕಾಲಂ ಇರುತ್ತದೆ. ಇದುವರೆಗೆ ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ ಅರ್ಜಿಗಳ ನಡುವೆ ಬಿ.ಇಡಿ. ಅರ್ಜಿಗಳು ‘ಇತರೆ’ ಎಂಬ ಕಾಲಂನಲ್ಲಿ ಬರುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳದ್ದು. ಸಂದರ್ಶನಕ್ಕೆ ಬಂದವರನ್ನು “ಯಾವ ತರಗತಿಗೆ ಪಾಠ ಮಾಡಬೇಕೆಂದಿದ್ದೀರಿ?” ಎಂದು ಕೇಳಿದರೆ, “ಪ್ರೈಮರಿ ಆದರೂ ಸರಿ, ಹೈಸ್ಕೂಲ್ ಆದರೂ ಸರಿ” ಎನ್ನುವವರೇ ಜಾಸ್ತಿ. ಇವತ್ತಿನ ನಿಯಮದಲ್ಲಿ ಈ ಉತ್ತರ ನಡೆಯುವುದಿಲ್ಲ. ಯಾವ ತರಗತಿ ಎಂಬುದನ್ನು ಮೊದಲೇ ತೀರ್ಮಾನಿಸದೆ ಕಾಲೇಜು ಸೇರಿದರೆ ಎರಡು ವರ್ಷವೂ ಫೀಸಿನ ಹಣವೂ ವ್ಯರ್ಥವಾಗಬಹುದು. ಆದ್ದರಿಂದ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳಲ್ಲಿ ಇತ್ತೀಚೆಗೆ ಆಗಿರುವ ಮತ್ತು ಮುಂದೆ ಆಗಲಿರುವ ಬದಲಾವಣೆಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸುತ್ತಿದ್ದೇವೆ.

ಮೊದಲು ಎಲ್ಲಕ್ಕಿಂತ ಮುಖ್ಯವಾದ ಸುದ್ದಿ. ಬಿ.ಇಡಿ. ಮಾಡಿದವರು 1ರಿಂದ 5ನೇ ತರಗತಿಯ ಶಿಕ್ಷಕರಾಗಲು ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತೀರ್ಪು ನೀಡಿದೆ. ಇದರ ಹಿನ್ನೆಲೆ ಹೀಗಿದೆ. 2018ರ ಜೂನ್‌ನಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಒಂದು ಅಧಿಸೂಚನೆ ಹೊರಡಿಸಿ ಬಿ.ಇಡಿ. ಆದವರೂ ಪ್ರಾಥಮಿಕ ತರಗತಿಗಳಿಗೆ ನೇಮಕವಾಗಬಹುದು, ನೇಮಕದ ನಂತರ ಆರು ತಿಂಗಳ ಬ್ರಿಜ್ ಕೋರ್ಸ್ ಮಾಡಿದರೆ ಸಾಕು ಎಂದಿತ್ತು. ರಾಜಸ್ಥಾನದಲ್ಲಿ ಡಿಪ್ಲೊಮಾ ಮಾಡಿದವರು ಇದನ್ನು ಪ್ರಶ್ನಿಸಿದರು. ಅಲ್ಲಿನ ಹೈಕೋರ್ಟ್ ಅಧಿಸೂಚನೆಯನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆರು ವರ್ಷದ ಮಗುವಿಗೆ ಅಕ್ಷರ ಮತ್ತು ಎಣಿಕೆ ಕಲಿಸುವುದು ಬೇರೆಯೇ ವಿದ್ಯೆ, ಬಿ.ಇಡಿ. ಆ ವಯಸ್ಸಿನ ಮಕ್ಕಳಿಗಾಗಿ ರೂಪಿಸಿದ ಕೋರ್ಸಲ್ಲ ಎಂಬುದು ತೀರ್ಪಿನ ತಿರುಳು. ದೊಡ್ಡ ಪದವಿ ಪಡೆದವರು ಸಣ್ಣ ತರಗತಿಗೂ ಆಗುತ್ತಾರೆ ಎಂಬ ನಮ್ಮ ಜನರ ಲೆಕ್ಕಾಚಾರಕ್ಕೆ ಇದು ವಿರುದ್ಧ. ಆದರೆ ಒಂದನೇ ತರಗತಿಯ ಮಕ್ಕಳನ್ನು ಒಂದು ದಿನವಾದರೂ ಕೂರಿಸಿಕೊಂಡು ಪಾಠ ಮಾಡಿದವರು ಈ ಮಾತನ್ನು ಒಪ್ಪುತ್ತಾರೆ ಎಂದು ನಮ್ಮ ನಂಬಿಕೆ.

ಹಾಗಾದರೆ ದಾರಿ ಯಾವುದು? 1ರಿಂದ 5ನೇ ತರಗತಿಗೆ ಪಾಠ ಮಾಡಬೇಕೆಂದರೆ ಪಿಯುಸಿ ನಂತರ ಎರಡು ವರ್ಷದ ಡಿ.ಎಲ್.ಇಡಿ. ಮಾಡಬೇಕು. ಹಳಬರು ಇದನ್ನು ಟಿ.ಸಿ.ಎಚ್. ಎಂದೂ ಆಮೇಲೆ ಡಿ.ಇಡಿ. ಎಂದೂ ಕರೆಯುತ್ತಿದ್ದರು. 6ರಿಂದ 8ಕ್ಕೆ ಪದವಿಯ ಜೊತೆಗೆ ಬಿ.ಇಡಿ. ಅಥವಾ ಡಿ.ಎಲ್.ಇಡಿ. ಇರಬೇಕು. 9 ಮತ್ತು 10ಕ್ಕೆ ಪದವಿ ಮತ್ತು ಬಿ.ಇಡಿ. ಬೇಕು. ಎಂಟನೇ ತರಗತಿಯವರೆಗಿನ ಹುದ್ದೆಗಳಿಗೆ ಇದರ ಮೇಲೆ ಟಿಇಟಿ ಪಾಸಾಗಿರಬೇಕು. ಮನೆಯ ಪರಿಸ್ಥಿತಿಯಿಂದ ಮೂರು ವರ್ಷದ ಪದವಿ ಮತ್ತು ಎರಡು ವರ್ಷದ ಬಿ.ಇಡಿ. ಸೇರಿ ಐದು ವರ್ಷ ಓದಲಾಗದವರಿಗೆ ಡಿ.ಎಲ್.ಇಡಿ. ಒಳ್ಳೆಯ ಆಯ್ಕೆ. ಅದನ್ನು ಮಾಡಿಕೊಂಡು ಕೆಲಸ ಹಿಡಿದು, ಆಮೇಲೆ ಪದವಿ ಓದಬಹುದು. ಆದರೂ ನಮಗೆ ಬರುವ ಅರ್ಜಿಗಳಲ್ಲಿ ಡಿ.ಎಲ್.ಇಡಿ. ಹೆಸರು ಕಾಣುವುದು ಅಪರೂಪ. ‘ಅದು ಚಿಕ್ಕ ಕೋರ್ಸು’ ಎಂಬ ಭಾವನೆ ಇದ್ದರೆ ದಯವಿಟ್ಟು ಬಿಡಿ.

ಬಿ.ಇಡಿ. ಕೋರ್ಸಿನ ಒಳಗೂ ಬಹಳಷ್ಟು ಬದಲಾಗಿದೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವು 2012ರಲ್ಲಿ ಶಿಕ್ಷಕರ ತರಬೇತಿ ಕಾಲೇಜುಗಳ ಗುಣಮಟ್ಟದ ಬಗ್ಗೆ ಕಟುವಾದ ವರದಿ ಕೊಟ್ಟಿತು. ಅದರ ನಂತರ ಎನ್‌ಸಿಟಿಇ 2014ರ ನಿಯಮಗಳನ್ನು ತಂದು, 2015-16ರಿಂದ ಒಂದು ವರ್ಷದ ಬಿ.ಇಡಿ.ಯನ್ನು ಎರಡು ವರ್ಷ ಮಾಡಿತು. ಅವಧಿ ಹೆಚ್ಚಿದ್ದರಲ್ಲಿ ದೊಡ್ಡ ಪಾಲು ಶಾಲಾ ಇಂಟರ್ನ್‌ಶಿಪ್‌ನದು. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ, ಒಟ್ಟು 20 ವಾರ ವಿದ್ಯಾರ್ಥಿಯು ಒಂದು ಶಾಲೆಯಲ್ಲಿದ್ದು ಪಾಠ ಮಾಡಬೇಕು. ತರಗತಿಗಳಿಗೆ ಶೇ. 80, ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಕಡ್ಡಾಯ.

ಈ 16 ವಾರಗಳ ಬಗ್ಗೆ ಪೋಷಕರು ಗಮನ ಕೊಡಬೇಕು. ನಮ್ಮ ನೆರವು ಪಡೆಯುವ ಮಕ್ಕಳಲ್ಲಿ ಅನೇಕರು ಸಂಜೆ ಟ್ಯೂಷನ್ ಹೇಳಿಯೋ, ಹೊಲಿಗೆ ಮಾಡಿಯೋ, ಅಂಗಡಿಯಲ್ಲಿ ಕುಳಿತೋ ತಮ್ಮ ಖರ್ಚು ನೋಡಿಕೊಳ್ಳುತ್ತಾರೆ. ಇಂಟರ್ನ್‌ಶಿಪ್ ಶುರುವಾದ ಮೇಲೆ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಶಾಲೆಯಲ್ಲಿರಬೇಕು, ಸಂಜೆ ಮರುದಿನದ ಪಾಠ ಯೋಜನೆ ಬರೆಯಬೇಕು, ಚಾರ್ಟ್ ಮತ್ತು ಮಾದರಿಗಳನ್ನು ತಯಾರಿಸಬೇಕು. ಕೆಲಸಕ್ಕೆ ಸಮಯ ಉಳಿಯುವುದಿಲ್ಲ. ಶಾಲೆ ದೂರವಿದ್ದರೆ ಬಸ್ ಖರ್ಚೂ ಬೀಳುತ್ತದೆ. ಓದು ನಿಲ್ಲಿಸುವ ಮಾತು ಮನೆಯಲ್ಲಿ ಬರುವುದು ಸಾಮಾನ್ಯವಾಗಿ ಈ ತಿಂಗಳುಗಳಲ್ಲೇ. ಆದ ಕಾರಣ ಶಿಕ್ಷಕ ತರಬೇತಿಯ ವಿದ್ಯಾರ್ಥಿವೇತನವನ್ನು ದಾಖಲಾತಿಯ ಸಮಯದಲ್ಲಿ ಒಂದೇ ಗಂಟಿನಲ್ಲಿ ಕೊಡದೆ, ಒಂದು ಭಾಗವನ್ನು ಎರಡನೇ ವರ್ಷದ ಇಂಟರ್ನ್‌ಶಿಪ್ ಆರಂಭಕ್ಕೆ ಕಾಯ್ದಿರಿಸಲು ತೀರ್ಮಾನಿಸಿದ್ದೇವೆ. ಕಾಲೇಜಿನಿಂದ ಶಾಲೆಯ ಹಂಚಿಕೆ ಪತ್ರ ತಂದುಕೊಟ್ಟರೆ ಆ ಭಾಗ ಖಾತೆಗೆ ಜಮೆಯಾಗುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಮಾತನ್ನೂ ಬಿಚ್ಚಿ ಹೇಳಬೇಕಾಗಿದೆ. ‘ಕಾಲೇಜಿಗೆ ಬರುವುದೇ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎಂದು ಹೇಳಿ ಸೀಟು ಕೊಡಿಸುವವರು ಊರೂರಲ್ಲಿ ಇದ್ದಾರೆ. ಮದುವೆಯಾದ ಹೆಣ್ಣುಮಕ್ಕಳಿಗೆ, ಕೆಲಸದಲ್ಲಿರುವವರಿಗೆ ಇದು ಅನುಕೂಲವೆಂದು ತೋರುತ್ತದೆ. ನಿಯಮದಲ್ಲಿ ಇಂಥ ಬಿ.ಇಡಿ. ಎಂಬುದೇ ಇಲ್ಲ. ಹಾಜರಾತಿ ಇಲ್ಲದೆ ಪಡೆದ ಅಂಕಪಟ್ಟಿಯ ಮೇಲೆ ಯಾವತ್ತು ಬೇಕಾದರೂ ಪ್ರಶ್ನೆ ಏಳಬಹುದು. ಅದಕ್ಕಿಂತ ಹೆಚ್ಚಾಗಿ, ಒಂದು ಪಾಠವನ್ನೂ ಮಾಡದೆ ನಲವತ್ತು ಮಕ್ಕಳ ಎದುರು ನಿಲ್ಲುವುದು ಆ ಮಕ್ಕಳಿಗೂ ಒಳ್ಳೆಯದಲ್ಲ. ಇಂಥ ದಾಖಲಾತಿಗೆ ಟ್ರಸ್ಟಿನಿಂದ ನೆರವು ಸಿಗುವುದಿಲ್ಲ. ಸೇರುವ ಮುನ್ನ ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಮತ್ತು ವಿಶ್ವವಿದ್ಯಾಲಯದ ಸಂಯೋಜನೆ ಎರಡೂ ಇವೆಯೇ ಎಂದು ನೋಡಿಕೊಳ್ಳಿ. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಸೇರಬೇಡಿ.

ಪಿಯುಸಿ ಓದುತ್ತಿರುವವರಿಗೆ ಹೊಸ ಬಾಗಿಲೊಂದು ತೆರೆದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ಶಿಕ್ಷಕರ ಕನಿಷ್ಠ ಅರ್ಹತೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ. ಆಗಬೇಕೆಂದು ಹೇಳಿದೆ. ಐಟಿಇಪಿ ಎಂಬ ಈ ಕೋರ್ಸು 2023-24ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿದೆ. ಪದವಿಯೂ ಬಿ.ಇಡಿ.ಯೂ ಒಟ್ಟಿಗೇ ಮುಗಿಯುವುದರಿಂದ ಒಂದು ವರ್ಷ ಉಳಿಯುತ್ತದೆ. ಬಡ ಕುಟುಂಬಕ್ಕೆ ಒಂದು ವರ್ಷದ ಫೀಸು ಮತ್ತು ಒಂದು ವರ್ಷದ ಸಂಬಳ ಸಣ್ಣ ವಿಷಯವಲ್ಲ. ಇದಕ್ಕೆ ಎನ್‌ಸಿಇಟಿ ಎಂಬ ಪ್ರವೇಶ ಪರೀಕ್ಷೆಯನ್ನು ಎನ್‌ಟಿಎ ನಡೆಸುತ್ತದೆ. ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು. ಪಿಯುಸಿ ಫಲಿತಾಂಶ ಬರಲಿ ಎಂದು ಕಾದರೆ ಅರ್ಜಿಯ ಕೊನೆಯ ದಿನ ದಾಟಿರುವ ಸಾಧ್ಯತೆಯೇ ಹೆಚ್ಚು. ದ್ವಿತೀಯ ಪಿಯುಸಿ ಪರೀಕ್ಷೆಯ ತಯಾರಿಯಲ್ಲಿರುವಾಗಲೇ ವಾರಕ್ಕೊಮ್ಮೆ ಎನ್‌ಟಿಎ ಪ್ರಕಟಣೆಗಳನ್ನು ನೋಡುತ್ತಿರಿ.

ನಮ್ಮ ರಾಜ್ಯದವರಿಗೆ ಈ ವಿಷಯದಲ್ಲಿ ಒಂದು ಅದೃಷ್ಟವಿದೆ. ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮೈಸೂರಿನಲ್ಲೇ ಇದೆ. 1963ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿದ್ದು. ಈಗ ಹೊಸದೆಂದು ಎಲ್ಲರೂ ಹೇಳುತ್ತಿರುವ ನಾಲ್ಕು ವರ್ಷದ ಸಂಯೋಜಿತ ಕೋರ್ಸನ್ನು ಅಲ್ಲಿ ದಶಕಗಳಿಂದ ನಡೆಸಿಕೊಂಡು ಬಂದಿದ್ದಾರೆ. ಆವರಣದಲ್ಲೇ ಪ್ರಾತ್ಯಕ್ಷಿಕ ಶಾಲೆ ಇರುವುದರಿಂದ ಓದಿದ್ದನ್ನು ಮಕ್ಕಳ ಮುಂದೆ ಪ್ರಯೋಗಿಸಿ ನೋಡುವ ಅವಕಾಶವಿದೆ. ನಮ್ಮ ಊರುಗಳಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ.

ಉರ್ದು ಮಾಧ್ಯಮದಲ್ಲಿ ಓದಿದವರು ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವನ್ನೂ ನೋಡಬಹುದು. ಹೈದರಾಬಾದಿನಲ್ಲಿರುವ, 1998ರಲ್ಲಿ ಆರಂಭವಾದ ಈ ಕೇಂದ್ರೀಯ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗಕ್ಕೆ ಸೇರಿದ ಒಂದು ಶಿಕ್ಷಕ ಶಿಕ್ಷಣ ಕಾಲೇಜು ನಮ್ಮ ಬೀದರಿನಲ್ಲೇ ಇದೆ. ಪ್ರವೇಶ ಪರೀಕ್ಷೆಯ ಮೂಲಕ ಸೀಟು ಸಿಗುತ್ತದೆ. ಉರ್ದುವನ್ನು ಮಾಧ್ಯಮವಾಗಿಯೋ ವಿಷಯವಾಗಿಯೋ ಓದಿರಬೇಕು. ಆದರೆ ಉರ್ದುವಿನಲ್ಲಿ ಬಿ.ಇಡಿ. ಮಾಡಿದವರು ಕನ್ನಡವನ್ನು ಬಿಡುವಂತಿಲ್ಲ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ನಂತರ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸುವುದು ಕಡ್ಡಾಯ. ಇಲಾಖೆಯ ಸುತ್ತೋಲೆಯಿಂದ ಹಿಡಿದು ಬಿಸಿಯೂಟದ ಲೆಕ್ಕದವರೆಗೆ ಎಲ್ಲವೂ ಕನ್ನಡದಲ್ಲೇ ಬರುತ್ತದೆ. ಎರಡೂ ಭಾಷೆ ಬಲ್ಲ ಶಿಕ್ಷಕಿ ಉರ್ದು ಶಾಲೆಯ ಮಕ್ಕಳಿಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ಶಾಲೆಗಳಿಗೆ ಭೇಟಿ ಕೊಟ್ಟಾಗಲೆಲ್ಲ ನೋಡಿದ್ದೇವೆ.

ಇನ್ನು ಟಿಇಟಿ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಾಮಾನ್ಯವಾಗಿ ಶೇ. 60, ಅಂದರೆ 90 ಅಂಕ ಬೇಕು. 1ರಿಂದ 5ಕ್ಕೆ ಮೊದಲ ಪತ್ರಿಕೆ, 6ರಿಂದ 8ಕ್ಕೆ ಎರಡನೆಯದು. ಮಕ್ಕಳ ವಿಕಾಸ ಮತ್ತು ಬೋಧನಾ ವಿಧಾನಕ್ಕೆ 30 ಅಂಕ, ಎರಡು ಭಾಷೆಗಳಿಗೆ ತಲಾ 30. ಅರವತ್ತು ಅಂಕ ಬರೀ ಭಾಷೆಗೇ ಇದೆ ಎಂಬುದನ್ನು ಮರೆತು ವಿಷಯಗಳನ್ನಷ್ಟೇ ಓದಿ ಸೋಲುವವರಿದ್ದಾರೆ. ಹಿಂದೆ ಪ್ರಮಾಣಪತ್ರದ ಅವಧಿ ಏಳು ವರ್ಷವಿತ್ತು, 2021ರಲ್ಲಿ ಅದನ್ನು ಜೀವನಪರ್ಯಂತ ಎಂದು ಮಾಡಲಾಗಿದೆ. ಆದ್ದರಿಂದ ಓದುವಾಗಲೇ ಬರೆದು ಮುಗಿಸುವುದು ಲೇಸು.

ಈಗಾಗಲೇ ಶಾಲೆಗಳಲ್ಲಿ ಪಾಠ ಮಾಡುತ್ತಿರುವವರೂ ಈ ಬಗ್ಗೆ ಕೇಳುತ್ತಿದ್ದಾರೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಇದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ದೊಡ್ಡ ಪೀಠಕ್ಕೆ ಒಪ್ಪಿಸಿದ್ದು, ಅದು ತೀರ್ಮಾನವಾಗುವವರೆಗೆ ಆ ಶಾಲೆಗಳನ್ನು ಹೊರಗಿಟ್ಟಿದೆ. ಹದಿನೈದು ಇಪ್ಪತ್ತು ವರ್ಷ ಕಡಿಮೆ ಸಂಬಳಕ್ಕೆ ದುಡಿದ ಶಿಕ್ಷಕಿಯರು ಇದರಿಂದ ಆತಂಕಗೊಂಡಿರುವುದು ಸಹಜ. ನಮ್ಮ ಸಲಹೆ ಇಷ್ಟೇ: ಪೀಠ ಏನು ಹೇಳುತ್ತದೋ ಎಂದು ಕಾಯುತ್ತ ಕೂರಬೇಡಿ, ಪರೀಕ್ಷೆ ಕಟ್ಟಿ. ಪಾಸಾದರೆ ತೀರ್ಪು ಹೇಗೇ ಬಂದರೂ ನಷ್ಟವಿಲ್ಲ. ಇಂಥವರ ಪರೀಕ್ಷಾ ಶುಲ್ಕ ಮತ್ತು ಪುಸ್ತಕಗಳಿಗೂ ಈ ಸಾಲಿನಲ್ಲಿ ಅರ್ಜಿ ಸ್ವೀಕರಿಸುತ್ತೇವೆ, ವಯಸ್ಸಿನ ಮಿತಿ ಇಲ್ಲ.

ಒಂದು ವರ್ಷದ ಬಿ.ಇಡಿ. ಮತ್ತೆ ಬರುತ್ತದಂತೆ ಎಂದೂ ಹಲವರು ವಿಚಾರಿಸಿದ್ದಾರೆ. ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಿಗಾಗಿ ಅಂಥ ಕೋರ್ಸನ್ನು ಎನ್‌ಸಿಟಿಇ 2025ರಲ್ಲಿ ಪ್ರಕಟಿಸಿದ ಕರಡು ನಿಯಮಗಳಲ್ಲಿ ಸೂಚಿಸಿದೆ. ಕರಡಿನ ಹೆಸರು ಹೇಳಿ ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ. ವಿಶ್ವವಿದ್ಯಾಲಯವೇ ಪ್ರವೇಶ ಪ್ರಕಟಣೆ ಹೊರಡಿಸಿದ ಮೇಲೆ ಮುಂದಿನ ಮಾತು.

ದಾಖಲೆಗಳ ವಿಷಯಕ್ಕೆ ಬಂದರೆ, ರಾಜ್ಯದ 2022ರ ನೇಮಕಾತಿಯನ್ನು ನೆನಪಿಸಿಕೊಳ್ಳಬೇಕು. 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಷ್ಟು ಹುದ್ದೆಗಳಿದ್ದರೂ ಆಯ್ಕೆಪಟ್ಟಿಯಲ್ಲಿ ಅಷ್ಟು ಜನ ಇರಲಿಲ್ಲ. ಮದುವೆಯಾದ ಅಭ್ಯರ್ಥಿಯ ಆದಾಯ ಪ್ರಮಾಣಪತ್ರ ತಂದೆಯದ್ದಿರಬೇಕೋ ಗಂಡನದ್ದಿರಬೇಕೋ ಎಂಬ ವಿವಾದ ಹೈಕೋರ್ಟಿಗೆ ಹೋಗಿ, ನೇಮಕಾತಿ ಆದೇಶ ಕೈಸೇರುವಷ್ಟರಲ್ಲಿ 2023 ಮುಗಿಯುತ್ತ ಬಂದಿತ್ತು. ಮೀಸಲಾತಿಯಡಿ ಅರ್ಜಿ ಹಾಕುವ ಹೆಣ್ಣುಮಕ್ಕಳು ಅಧಿಸೂಚನೆಯ ಆ ಸಾಲನ್ನು ಎರಡು ಸಲ ಓದಿ. ಎರಡೂ ಕಡೆಯ ಪ್ರಮಾಣಪತ್ರ ಮಾಡಿಸಿಟ್ಟುಕೊಂಡರೆ ಹೋಗುವುದೇನೂ ಇಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಪಡೆದುಕೊಳ್ಳಿ. ಪದವಿಯಲ್ಲಿ ಓದಿದ ವಿಷಯಗಳು ಹುದ್ದೆಗೆ ಹೊಂದುತ್ತವೆಯೇ ಎಂಬುದನ್ನೂ ಹಿಂದಿನ ಅಧಿಸೂಚನೆ ತೆಗೆದು ನೋಡಿ. ಬಿ.ಕಾಂ., ಬಿ.ಬಿ.ಎ. ಆದವರು ಇದನ್ನು ನೋಡದೆ ಬಿ.ಇಡಿ. ಸೇರಬಾರದು.

ನಮ್ಮ ಅರ್ಜಿಯೊಂದಿಗೆ ಅಂಕಪಟ್ಟಿಗಳು, ದಾಖಲಾತಿ ರಸೀದಿ, ಆದಾಯ ಪ್ರಮಾಣಪತ್ರ, ವಿದ್ಯಾರ್ಥಿಯ ಹೆಸರಿನಲ್ಲೇ ಇರುವ ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಲಗತ್ತಿಸಿ. ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದರೆ ಅದರ ಪ್ರತಿಯನ್ನೂ ಇಡಿ. ಅಲ್ಲಿಂದ ಹಣ ಬಂದಿದ್ದರೂ ನಮ್ಮಲ್ಲಿ ಅರ್ಜಿ ತಿರಸ್ಕಾರವಾಗುವುದಿಲ್ಲ, ಎಷ್ಟು ಕೊರತೆ ಇದೆ ಎಂದು ತಿಳಿಯಲು ಮಾತ್ರ ಕೇಳುತ್ತಿದ್ದೇವೆ. ‘ಯಾವ ತರಗತಿಗೆ, ಯಾವ ವಿಷಯ’ ಎಂಬ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರವನ್ನು ಅರ್ಜಿದಾರರೇ ಸ್ವಂತ ಕೈಬರಹದಲ್ಲಿ ಕನ್ನಡದಲ್ಲೋ ಉರ್ದುವಿನಲ್ಲೋ ಬರೆಯಬೇಕು. ಸಂದರ್ಶನದಲ್ಲಿ ಮಾತು ಶುರುವಾಗುವುದು ಆ ನಾಲ್ಕು ಸಾಲಿನಿಂದಲೇ.