ಗುದ್ದಲಿಯ ಕಾವು, ಕ್ಷೌರದ ಕುಂಚ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಗುದ್ದಲಿಯ ಕಾವು ಸಡಿಲಗೊಂಡರೆ ಅದನ್ನು ರಾತ್ರಿಯೆಲ್ಲ ನೀರಿನ ತೊಟ್ಟಿಯಲ್ಲಿ ಅದ್ದಿಟ್ಟು, ಬೆಳಗಾಗುತ್ತಲೇ ಬಿಗಿಯಾದ ಕಾವನ್ನು ಹಿಡಿದು ಪಾತಿ ಬಿಡಿಸಲು ತೋಟಕ್ಕೆ ಹೊರಡುವುದು ಎಷ್ಟು ಸಹಜವಾದ ರೂಢಿಯೆಂದರೆ, ಅದರ ಹಿಂದಿರುವ ವಸ್ತುಧರ್ಮವನ್ನು ಯಾರೂ ವಿಚಾರಿಸಹೋಗುವುದಿಲ್ಲ. ನೀರು ಕುಡಿದ ಮರ ಅಡ್ಡಕ್ಕೆ ಉಬ್ಬುತ್ತದೆ. ಉಬ್ಬಲೆಳಸಿದ ಮರವನ್ನು ಕಬ್ಬಿಣದ ಬಳೆ ತಡೆದು ನಿಲ್ಲಿಸುತ್ತದೆ. ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಆದರೆ ಈ ಬಿಗಿ ಬಹುಕಾಲದ್ದಲ್ಲ. ಇಕ್ಕಟ್ಟಿನಲ್ಲಿ ಉಬ್ಬಿದ ಮರ ತನ್ನ ಕೋಶಗಳನ್ನು ತಾನೇ ಜಜ್ಜಿಕೊಂಡಿರುವುದರಿಂದ, ಒಣಗಿದ ಮೇಲೆ ಅದು ಮೊದಲಿಗಿಂತಲೂ ಕೃಶವಾಗಿ, ಕಾವು ಇನ್ನಷ್ಟು ಸಡಿಲವಾಗುತ್ತದೆಂಬುದನ್ನು ಅನುಭವಸ್ಥರು ಬಲ್ಲರು.

ಇದೇ ವಸ್ತುಧರ್ಮ ಮರದ ಹಿಡಿಯುಳ್ಳ ಕ್ಷೌರದ ಕುಂಚದಲ್ಲಿ ತಲೆಕೆಳಗಾಗಿ ಕೆಲಸಮಾಡುತ್ತದೆ. ಗುದ್ದಲಿಯಲ್ಲಿ ಮರ ಒಳಗೆ, ಕಬ್ಬಿಣ ಹೊರಗೆ. ಕುಂಚದಲ್ಲಾದರೋ ಕೂದಲಿನ ಕಟ್ಟು ಒಳಗೆ, ಮರ ಹೊರಗೆ. ಉಬ್ಬಿದ ಮರವನ್ನು ಸುತ್ತಲಿಂದ ಹಿಡಿದು ನಿಲ್ಲಿಸುವ ಬಳೆ ಇಲ್ಲಿ ಯಾವುದೂ ಇಲ್ಲ. ಹಿಡಿಯ ನೆತ್ತಿಯಲ್ಲಿ ಕೊರೆದ ಕುಳಿಯೊಳಕ್ಕೆ ಅಂಟು ಹಾಕಿ ಕೂದಲಿನ ಕಟ್ಟನ್ನು ಕೂರಿಸಿರುತ್ತಾರಷ್ಟೆ. ಆ ಕುಳಿಯ ಬಾಯಿಯಲ್ಲಿ ಮರದ ಎಳೆಗಳ ತುದಿಗಳು ನೀರಿಗೆ ನೇರವಾಗಿ ತೆರೆದುಕೊಂಡಿರುತ್ತವೆ. ಮರವು ಪಕ್ಕದ ಮೈಯಿಂದ ಕುಡಿಯುವುದಕ್ಕಿಂತ ಎಷ್ಟೋ ಪಾಲು ಬೇಗನೆ ಈ ಎಳೆತುದಿಗಳಿಂದ ನೀರನ್ನು ಹೀರುತ್ತದೆ. ಹೊರಮೈಯ ಮೆರುಗು ಹೊಳೆಯುತ್ತಲೇ ಇರುವಾಗ ಒಳಗಿನ ಅಂಚು ನಿತ್ಯವೂ ನೆನೆದು, ಉಬ್ಬಿ, ಒಣಗಿ, ಕುಗ್ಗುತ್ತಿರುತ್ತದೆ.

ಬೇಗ ಕೆಟ್ಟ ಕುಂಚವೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಈ ವೃತ್ತಾಂತವೆಲ್ಲ ಅದರ ಮೈಮೇಲೆಯೇ ಬರೆದಿರುತ್ತದೆ. ಕೂದಲಿನ ಬುಡದಲ್ಲಿ ಸುಣ್ಣದಂತೆ ಬೆಳ್ಳಗೆ ಗಟ್ಟಿಯಾದ ಸಾಬೂನಿನ ಒಂದು ವಲಯ. ಅದರ ಕೆಳಗೆ, ಕುಳಿಯ ಅಂಚಿನಲ್ಲಿ, ಬೂಷ್ಟು ಬಿಟ್ಟುಹೋದ ಕಪ್ಪು ಗೆರೆ. ಆ ಗೆರೆಯಿಂದ ಎಳೆಯ ಜಾಡನ್ನು ಹಿಡಿದು ಹಿಡಿಯ ನಡುವಿನವರೆಗೆ ಇಳಿದ, ಉಗುರಿನ ತುದಿಗೆ ಮಾತ್ರ ತಾಗುವಷ್ಟು ಸೂಕ್ಷ್ಮವಾದ ಒಂದು ಬಿರುಕು. ಮರ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಅತ್ಯಲ್ಪ. ಅಡ್ಡಕ್ಕೆ ಹಾಗಲ್ಲ, ತೇಗದಂತಹ ಸ್ಥಿರಸ್ವಭಾವದ ಮರವೂ ಹಸಿಯಿಂದ ಪೂರ್ಣವಾಗಿ ಒಣಗುವಷ್ಟರಲ್ಲಿ ವಾರ್ಷಿಕ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಶೇಕಡ 5ಕ್ಕೂ ಮಿಗಿಲಾಗಿ, ತಿರುಳಿನಿಂದ ತೊಗಟೆಯ ದಿಕ್ಕಿಗೆ ಅದರ ಅರ್ಧದಷ್ಟು ಮಾತ್ರ ಕುಗ್ಗುತ್ತದೆ. ಎರಡು ದಿಕ್ಕಿನ ಈ ವೈಷಮ್ಯವೇ ದುಂಡನೆಯ ಹಿಡಿಯನ್ನು ಸೀಳತಕ್ಕ ಬಲ. ಬಚ್ಚಲುಮನೆಯ ಒದ್ದೆಯಲ್ಲಿ ರಾತ್ರಿ ಕಳೆದ ಕುಂಚವನ್ನು ನಮ್ಮ ಬಯಲುಸೀಮೆಯ ಮಾರ್ಚ್, ಏಪ್ರಿಲ್ ತಿಂಗಳ ಒಣಗಾಳಿಗೆ, ಅದರಲ್ಲೂ ಬಿಸಿಲು ಬೀಳುವ ಕಿಟಕಿಯ ದಂಡೆಯ ಮೇಲೆ ತಂದಿಟ್ಟರೆ, ಆ ಬಲಕ್ಕೆ ನಾವೇ ಕೈಜೋಡಿಸಿದಂತಾಗುತ್ತದೆ.

ತೆಂಗಿನ ನಾಡಿನಲ್ಲಿ ತೆಂಗಿನ ಮರದಿಂದಲೇ ಹಿಡಿಯನ್ನು ಕಡೆಯಿಸಬಾರದೇಕೆಂದು ಕೇಳಬಹುದು. ಕಡೆಯಿಸಬಹುದು, ಆದರೆ ಆಯ್ಕೆಯಲ್ಲಿ ಎಚ್ಚರ ಬೇಕು. ತೆಂಗಿಗೆ ತೇಗ, ಬೀಟೆಗಳಂತೆ ಚೇಗೂ ಇಲ್ಲ, ವಾರ್ಷಿಕ ಉಂಗುರಗಳೂ ಇಲ್ಲ. ಅದರ ಗಟ್ಟಿತನವೆಲ್ಲ ಕಾಂಡದ ಹೊರವಲಯದಲ್ಲಿ, ಮುಖ್ಯವಾಗಿ ಬುಡದ ಭಾಗದಲ್ಲಿ, ಒತ್ತಾಗಿ ನಿಂತ ಕಪ್ಪು ನಾರುಗಳಲ್ಲಿರುತ್ತದೆ. ನಡುವಿನ ತಿರುಳು ಮೆತ್ತಗೆ, ನೀರನ್ನು ಹೀರಲು ಕಾದಿರುವಂಥದು. ಬಹಳ ವಯಸ್ಸಾದ ಮರದ ಬುಡದ ಹೊರಪದರವನ್ನು ನಿಧಾನವಾಗಿ ಒಣಗಿಸಿ ಕಡೆದರೆ ಕಪ್ಪು ಚುಕ್ಕೆಗಳಿಂದ ಕೂಡಿದ, ಭಾರವಾದ, ಮನೋಹರವಾದ ಹಿಡಿ ದೊರೆಯುತ್ತದೆ. ಆದರೆ ಅದರ ಪ್ರತಿಯೊಂದು ನಾರೂ ಒಂದೊಂದು ಕೊಳವೆಯಾದುದರಿಂದ ಕುಳಿಯ ಒಳಮೈಗೆ ರಾಳವನ್ನೋ ವಾರ್ನಿಷನ್ನೋ ತುಂಬದೆ ಕೂದಲನ್ನು ಕೂರಿಸಲೇಬಾರದು.

ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತಿ ಹಿಡಿದು ಮೆರುಗು ಕೊಡುವ ವಿದ್ಯೆಗೆ ನಾನು ಮನಃಪೂರ್ವಕವಾಗಿ ಮಣಿಯುತ್ತೇನೆ. ಮಗುವಿನ ಆಟಿಕೆಗೆ ಅದಕ್ಕಿಂತ ಮೇಲಾದ ಲೇಪನವಿಲ್ಲ. ಆದರೆ ಕ್ಷೌರದ ಕುಂಚಕ್ಕೆ ಅರಗು ಒಗ್ಗದು. ಸಾಬೂನಿನ ಕ್ಷಾರ ಅರಗನ್ನು ಕರಗಿಸುತ್ತದೆ, ಬಿಸಿನೀರು ಮೆತ್ತಗೆ ಮಾಡುತ್ತದೆ, ಕ್ಷೌರಾನಂತರ ಹಚ್ಚಿಕೊಳ್ಳುವ ಲೋಷನ್ನಿನ ಮದ್ಯಸಾರ ಒಂದೇ ಒರಸಿಗೆ ಅಳಿಸಿಹಾಕುತ್ತದೆ.

ಇನ್ನು ಎಣ್ಣೆಯ ವಿಚಾರ. ಕತ್ತಿಯ ಹಿಡಿಗೆ, ಬಾಗಿಲ ಅಗುಳಿಗೆ, ಮಗುವಿನ ನೆತ್ತಿಗೆ, ಎಲ್ಲಕ್ಕೂ ಕೊಬ್ಬರಿ ಎಣ್ಣೆಯನ್ನೇ ಹಚ್ಚಿ ರೂಢಿಯಾದ ನಮ್ಮ ಕೈ ಕುಂಚದ ಹಿಡಿ ಒಣಗಿದಂತೆ ಕಂಡೊಡನೆ ಆ ಸೀಸೆಯ ಕಡೆಗೇ ಹೋಗುವುದು ಸ್ವಾಭಾವಿಕ. ಇಲ್ಲಿ ಮಾತ್ರ ಕೈಯನ್ನು ತಡೆಯಬೇಕೆಂದು ನನ್ನ ದೃಢವಾದ ಅಭಿಪ್ರಾಯ. ಚಳಿಗಾಲದ ಬೆಳಗ್ಗೆ, ಸುಮಾರು 24 ಡಿಗ್ರಿಗಿಂತ ಕೆಳಕ್ಕೆ ಉಷ್ಣತೆ ಇಳಿದಾಗ, ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಹೆಪ್ಪುಗಟ್ಟುತ್ತದೆಯೇ ಹೊರತು ಗಾಳಿಯೊಡನೆ ಸೇರಿ ಪೊರೆಗಟ್ಟುವ ಗುಣ ಅದಕ್ಕಿಲ್ಲ. ಮರದೊಳಕ್ಕೆ ಇಳಿದರೂ ಎಣ್ಣೆಯಾಗಿಯೇ ಉಳಿದು, ಬಿಸಿನೀರಿಗೆ ಹೊರಬಂದು, ಕೂದಲಿಗೆ ಅಂಟಿ ನೊರೆಯನ್ನು ಕೊಲ್ಲುತ್ತದೆ. ಅಗಸೆ ಎಣ್ಣೆಯ ಪ್ರಕೃತಿಯೇ ಬೇರೆ. ಅದು ಗಾಳಿಯ ಆಮ್ಲಜನಕವನ್ನು ಹೀರಿ ಕೆಲವು ದಿನಗಳಲ್ಲಿ ಗಟ್ಟಿಯಾದ ಪೊರೆಯಾಗುತ್ತದೆ. ಲೇಪನವಿಲ್ಲದ ಹಿಡಿಗೆ ಕೂದಲನ್ನು ಬಟ್ಟೆಯಿಂದ ಸುತ್ತಿಕೊಂಡು, ಬೆರಳ ತುದಿಯಷ್ಟೇ ಅಗಸೆ ಎಣ್ಣೆಯನ್ನು ತಿಕ್ಕಿ, ಮಿಕ್ಕಿದ್ದನ್ನು ಒರಸಿ, ವಾರ ಒಣಗಿಸಿ ಮತ್ತೊಮ್ಮೆ ಹಚ್ಚಿದರೆ ಸಾಕು. ಒರಸಿದ ಬಟ್ಟೆಯನ್ನು ಮುದುರಿ ಮೂಲೆಗೆಸೆಯಬಾರದು. ಒಣಗುವಾಗ ಹುಟ್ಟುವ ಶಾಖದಿಂದ ಅದು ತಾನಾಗಿ ಹೊತ್ತಿಕೊಳ್ಳುವುದುಂಟು. ಹರವಿ ಒಣಗಿಸಬೇಕು.

ಕೊಬ್ಬರಿ ಎಣ್ಣೆಗೆ ಕ್ಷೌರದಲ್ಲಿ ಸ್ಥಾನವಿಲ್ಲವೆಂದು ಇದರಿಂದ ತಿಳಿಯಬಾರದು. ಅದರ ನಿಜವಾದ ಸ್ಥಾನ ಸಾಬೂನಿನಲ್ಲಿ. ಅದರ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧಪಾಲಿರುವ ಲಾರಿಕ್ ಆಮ್ಲದಿಂದ ಆದ ಸಾಬೂನು ಸುಲಭವಾಗಿ ಕರಗಿ, ಗಡಸು ನೀರಿನಲ್ಲೂ, ಸಮುದ್ರದ ಉಪ್ಪುನೀರಿನಲ್ಲೂ ನೊರೆ ಕೊಡುತ್ತದೆ. ಹೇಮಾವತಿಯ ನಾಲೆಯ ನೀರು ಮುಟ್ಟದೆ ಕೊಳವೆಬಾವಿಯನ್ನೇ ನಂಬಿರುವ ಊರುಗಳಿಗೆ ಇದು ಸಣ್ಣ ಉಪಕಾರವಲ್ಲ. ಆ ಗಡಸು ನೀರಿನ ಸುಣ್ಣ ಸಾಬೂನಿನೊಡನೆ ಕೂಡಿ ಕರಗದ ಜಿಡ್ಡಾಗಿ ಕೂದಲಿನ ಬುಡದಲ್ಲಿ ನಿಲ್ಲುವುದರಿಂದಲೇ ಮೊದಲು ಹೇಳಿದ ಬಿಳಿಯ ವಲಯ ಹುಟ್ಟುವುದು. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಅರ್ಧ ನಿಂಬೆಹಣ್ಣನ್ನು ಹಿಂಡಿ, ಕೂದಲನ್ನು ಮಾತ್ರ ಅದರಲ್ಲಿ ಕೆಲವು ನಿಮಿಷ ಆಡಿಸಿ, ಚೆನ್ನಾಗಿ ತೊಳೆದರೆ ಅದು ಬಿಟ್ಟುಹೋಗುತ್ತದೆ.

ಕೂದಲಿನ ಶುದ್ಧಿಯನ್ನು ಅಲಕ್ಷಿಸಿದ್ದರ ಫಲವನ್ನು ಲೋಕ ಒಮ್ಮೆ ಘೋರವಾಗಿ ಕಂಡಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಸರಿಯಾಗಿ ಶುದ್ಧಿಮಾಡದ ಕುದುರೆಯ ಕೂದಲಿನಿಂದ ಮಾಡಿದ ಅಗ್ಗದ ಕುಂಚಗಳ ಮೂಲಕ, ದನಕರುಗಳಿಗೆ ಬರುವ ಆಂಥ್ರಾಕ್ಸ್ ರೋಗ ಬ್ರಿಟನ್, ಅಮೆರಿಕಗಳ ಸೈನಿಕರ ಮುಖಕ್ಕೆ ತಗುಲಿ ಪ್ರಾಣಗಳೇ ಹೋದವು. ಈಗ ಕೂದಲನ್ನು ಶುದ್ಧಿಮಾಡಿಯೇ ಕಟ್ಟುತ್ತಾರೆ. ಆದರೂ ಕ್ಷೌರದ ಅಂಗಡಿಗೆ ಹೋಗುವವನು ತನ್ನ ಕುಂಚವನ್ನು ತಾನೇ ಒಯ್ಯುವುದು ಯುಕ್ತವೆಂದೇ ನಾನು ಹೇಳುವೆ.

ನಿತ್ಯದ ಆರೈಕೆ ಬಹಳವಿಲ್ಲ. ಹಂದಿಯ ಕೂದಲಾದರೆ ಕೆಲವು ನಿಮಿಷ ನೆನೆಯಬೇಕು. ಬ್ಯಾಡ್ಜರಿನ ಕೂದಲಿಗೆ ಅಷ್ಟು ಬೇಡ. ಯಾವುದಕ್ಕೂ ಕುದಿಯುವ ನೀರು ಸಲ್ಲದು. ನೆನೆಯಿಡುವಾಗ ನೀರು ಕೂದಲಿನ ಅರ್ಧಕ್ಕಿಂತ ಮೇಲೇರದಿರಲಿ. ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲಿ ಬುಡದವರೆಗೂ ತೊಳೆದು, ಹಿಂಡಿ ತಿರುಚದೆ ಮೆಲ್ಲಗೆ ಅದುಮಿ, ಬಲವಾಗಿ ಕೊಡವಿ, ಹಿಡಿಯನ್ನು ಒಣಬಟ್ಟೆಯಿಂದ ಒರಸಿ, ಗಾಳಿಯಾಡುವ ನೆರಳಿನಲ್ಲಿಡಬೇಕು. ತಲೆಕೆಳಗಾಗಿ ತೂಗುಹಾಕಬೇಕೆ, ನೆಟ್ಟಗೆ ನಿಲ್ಲಿಸಬೇಕೆ ಎಂಬುದು ದೊಡ್ಡ ವಾದ. ಕೂದಲುಗಳ ನಡುವಣ ತೇವ ಎರಡು ಸ್ಥಿತಿಯಲ್ಲೂ ಅಲ್ಲೇ ಹಿಡಿದು ನಿಲ್ಲುವುದರಿಂದ, ಚೆನ್ನಾಗಿ ಕೊಡವಿದ ಕುಂಚಕ್ಕೆ ಇವೆರಡರಲ್ಲಿ ಮಹದಂತರ ನನಗೆ ಕಾಣದು. ಮುಚ್ಚಿದ ಡಬ್ಬಿಯಲ್ಲಿ ಒದ್ದೆಯಾಗಿಡುವುದೊಂದೇ ಮಹಾಪರಾಧ.

ಇಷ್ಟೆಲ್ಲ ಮಾಡಿಯೂ ಎಂದೋ ಒಂದು ದಿನ ಕೂದಲಿನ ಕಟ್ಟು ಕುಳಿಯಿಂದ ಸಡಿಲವಾಗಿ ಬರಬಹುದು. ಆಗ ಹಿಡಿಯನ್ನು ಒಲೆಗೆ ಹಾಕಬೇಡಿ. ಹಳೆಯ ಅಂಟನ್ನು ಕೆರೆದು ತೆಗೆದು, ಹೊಸ ಕಟ್ಟನ್ನು ಎಪಾಕ್ಸಿಯಿಂದ ಕೂರಿಸುವುದು ಸಾಧಾರಣ ಬಡಗಿಯ ಕೈಗೂ ಎಟುಕುವ ಕೆಲಸ. ಆದರೆ ನಡುವೆ ಅವಸರಪಡಬಾರದು. ಹಸಿಯಿರುವಾಗಲೇ ಅಂಟು ತುಂಬಿದರೆ ಮರ ಆಮೇಲೆ ಕುಗ್ಗಿ, ಗಟ್ಟಿಯಾದ ಅಂಟಿನ ಸುತ್ತ ಸೀಳುತ್ತದೆ. ಸುಲಿಯದ ಕಾಯಿಯೊಳಗಿನ ನೀರು ತಾನಾಗಿ ಇಂಗಿ ಉಂಡೆಕೊಬ್ಬರಿಯಾಗುವವರೆಗೆ ಎಂಟು, ಹತ್ತು ತಿಂಗಳು ಕಾಯುವ ಅಟ್ಟ ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಇದ್ದೇ ಇದೆ. ಬಿಸಿಲು ತಾಗದ, ಬೆಚ್ಚನೆಯ, ಗಾಳಿಯಾಡುವ ಆ ಜಾಗದಲ್ಲಿ ಒಂದು ತಿಂಗಳು ಇಟ್ಟ ಹಿಡಿಗೆ ನಿಶ್ಚಿಂತೆಯಿಂದ ಹೊಸ ಕೂದಲನ್ನು ಕಟ್ಟಿಸಬಹುದು.