ಗಾಜಿನ ತೊಟ್ಟಿಯ ಮೀನಿಗೆ ಕಾಯಿಲೆ ಬಂದರೆ



ಮಕ್ಕಳು ಹಟ ಹಿಡಿದರು ಅಂತ ಪೇಟೆಯಿಂದ ನಾಲ್ಕು ಚಿನ್ನದ ಮೀನು ತಂದಿರಿ. ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟಿರಿ. ಒಂದು ವಾರ ಬೀದಿಯ ಮಕ್ಕಳೆಲ್ಲ ನಿಮ್ಮ ಮನೆಯಲ್ಲೇ. ಎಂಟನೆಯ ದಿನ ಒಂದು ಮೀನು ಮೂಲೆ ಸೇರಿತು, ಹತ್ತನೆಯ ದಿನ ಎರಡು ಸತ್ತು ತೇಲಿದವು. ಯಾರೋ ಹೇಳಿದರು ಅಂತ ನೀಲಿ ಔಷಧ ತಂದು ಸುರಿದಿರಿ, ಉಳಿದೆರಡೂ ಹೋದವು. "ನಮ್ಮ ಕೈಗುಣವೇ ಸರಿಯಿಲ್ಲ" ಅಂತ ತೊಟ್ಟಿ ಅಟ್ಟ ಹತ್ತಿತು.

ಇದು ಕೈಗುಣದ ದೋಷವಲ್ಲ. ಬಹುಮಟ್ಟಿಗೆ ಆ ಮೀನುಗಳಿಗೆ ರೋಗವೇ ಬಂದಿರಲಿಲ್ಲ. ಕೆಟ್ಟದ್ದು ನೀರು.

ಹಸು ಮೆಲುಕು ಹಾಕುವುದನ್ನು ನಿಲ್ಲಿಸಿದರೆ ನಿಮಗೆ ತಟ್ಟನೆ ಗೊತ್ತಾಗುತ್ತದೆ. ಮೀನನ್ನೂ ಹಾಗೆಯೇ ನೋಡಬೇಕು. ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ನಿಂತಿದೆಯೇ? ಕಿವಿರು ಬೇಗಬೇಗ ಬಡಿಯುತ್ತಿದೆಯೇ? ಕಲ್ಲಿಗೋ ಗಾಜಿಗೋ ಮೈ ಉಜ್ಜುತ್ತಿದೆಯೇ? ಮೇವು ಬಿದ್ದಾಗ ಮೇಲೆ ಬರುತ್ತಿಲ್ಲವೇ? ಇವು ಬೇನೆಯ ಗುರುತುಗಳು. ಆದರೆ ಔಷಧದ ಸೀಸೆಗೆ ಕೈ ಹಾಕುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಸೊರಗಿರುವುದು ಒಂದೇ ಮೀನೋ, ಎಲ್ಲವೂ ಒಟ್ಟಿಗೆಯೋ? ಎಲ್ಲವೂ ಒಂದೇ ದಿನ ಸೊರಗಿದರೆ ನೀರಿನ ಮೇಲೆ ಅನುಮಾನ ಪಡಿ. ಮೊದಲು ಒಂದಕ್ಕೆ ಕಂಡು ನಾಲ್ಕಾರು ದಿನಗಳಲ್ಲಿ ಉಳಿದವಕ್ಕೆ ಹರಡಿದರೆ ಅದು ರೋಗ.

ನೀರು ಕೆಡುವುದು ಹೇಗೆ ಅಂತೀರಾ? ಕೊಟ್ಟಿಗೆಯಲ್ಲಿ ಗಂಜಲ ಕಟ್ಟಿಕೊಂಡಾಗ ಕಣ್ಣು ಉರಿಸುವ ಘಾಟು ಏಳುತ್ತದಲ್ಲ, ಅದೇ ಅಮೋನಿಯ. ಮೀನು ಉಸಿರಾಡುವಾಗಲೇ ಕಿವಿರಿನ ಮೂಲಕ ಅದನ್ನು ಹೊರಬಿಡುತ್ತದೆ. ತಿನ್ನದೆ ಉಳಿದ ಮೇವು ಕೊಳೆತಾಗಲೂ ಅದೇ ಹುಟ್ಟುತ್ತದೆ. ಕೆರೆಯಲ್ಲಿ ಅದಕ್ಕೆ ವಿಸ್ತಾರವಾದ ನೀರಿದೆ. ತೊಟ್ಟಿಯಲ್ಲಿ ಮೀನು ತನ್ನ ಗಂಜಲದಲ್ಲಿ ತಾನೇ ನಿಂತಂತೆ. ತೊಟ್ಟಿ ಹಳೆಯದಾದಂತೆ ತಳದ ಮರಳಿನಲ್ಲಿ, ಸೋಸುವ ಸ್ಪಂಜಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳು ನೆಲೆಸುತ್ತವೆ. ಅವು ಅಮೋನಿಯವನ್ನು ಹಂತಹಂತವಾಗಿ ಅಷ್ಟು ಹಾನಿಯಿಲ್ಲದ ನೈಟ್ರೇಟ್ ಮಾಡುತ್ತವೆ. ಆದರೆ ಅವು ಬೇರೂರುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಯ ಮೀನು ಎರಡನೆಯ ವಾರದಲ್ಲೇ ಸಾಯುವುದರ ಗುಟ್ಟು ಇದು. ನೀಲಿ ಔಷಧ, ಅಂದರೆ ಮೆಥಿಲೀನ್ ಬ್ಲೂ, ಈ ಒಳ್ಳೆಯ ಜೀವಿಗಳನ್ನೂ ಕೊಲ್ಲುತ್ತದೆ. ನಮ್ಮ ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಗಡಸು, ಕ್ಷಾರಗುಣದ್ದು. ಅಂಥ ನೀರಿನಲ್ಲಿ ಅಮೋನಿಯದ ವಿಷ ಇನ್ನೂ ಏರುತ್ತದೆ.

ಉಪಚಾರ ಸುಲಭ. ಮೇವನ್ನು ಎರಡು ದಿನ ಪೂರ್ತಿ ನಿಲ್ಲಿಸಿ. ಪಾಪ ಅನ್ನಬೇಡಿ, ಎರಡು ಮೂರು ದಿನದ ಉಪವಾಸಕ್ಕೆ ದೊಡ್ಡ ಮೀನು ಸಾಯುವುದಿಲ್ಲ. ದಿನವೂ ಕಾಲುಭಾಗ ನೀರು ತೆಗೆದು ಕಾಲುಭಾಗ ಹೊಸದು ಹಾಕಿ, ಒಂದು ವಾರ. ಹೊಸ ನೀರನ್ನು ಹಿಂದಿನ ದಿನವೇ ಅಗಲವಾದ ಪಾತ್ರೆಯಲ್ಲಿ ಹಿಡಿದು ತೆರೆದಿಡಿ. ನಲ್ಲಿ ನೀರಿನ ಕ್ಲೋರಿನ್ ಹೋಗುತ್ತದೆ, ಕೊಳವೆಬಾವಿಯ ನೀರಿಗೆ ಗಾಳಿ ಸೇರುತ್ತದೆ. ತೊಟ್ಟಿಯನ್ನು ಖಾಲಿ ಮಾಡಿ, ಸೋಪು ಹಾಕಿ, ಥಳಥಳ ಅನ್ನುವ ಹಾಗೆ ತೊಳೆಯುವ ಅಚ್ಚುಕಟ್ಟು ಇಲ್ಲಿ ಬೇಡ. ಸ್ಪಂಜನ್ನೂ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಬೆಳಗಿನ ಜಾವ ಎಲ್ಲ ಮೀನೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಮೊದಲು ಗಾಳಿಯ ಕೊರತೆ ಅಂತ ತಿಳಿಯಿರಿ. ಕರೆಂಟು ಹೋಗಿ ಗಾಳಿಯಂತ್ರ ನಿಂತ ಸೆಕೆಯ ರಾತ್ರಿಗಳಲ್ಲಿ ಹೀಗಾಗುವುದುಂಟು. ಚೊಂಬಿನಲ್ಲಿ ಅದೇ ನೀರನ್ನು ಎತ್ತಿ ಒಂದು ಮೊಳ ಮೇಲಿನಿಂದ ಸುರಿಯುತ್ತಾ ಇರಿ. ನೀರಿಗೆ ಗಾಳಿ ಬೆರೆತಂತೆ ಮೀನು ಕೆಳಗಿಳಿಯುತ್ತದೆ.

ಇನ್ನು ನಿಜವಾದ ರೋಗ. ಹೆಚ್ಚಾಗಿ ಕಾಣುವುದು ಬಿಳಿ ಚುಕ್ಕೆ ರೋಗ. ಮೈಮೇಲೆ, ರೆಕ್ಕೆಯ ಮೇಲೆ ಪುಡಿಯುಪ್ಪು ಉದುರಿಸಿದಂತೆ ಕಾಣುತ್ತದೆ. ಮೀನು ಮೈ ಉಜ್ಜುತ್ತದೆ. ಇದೊಂದು ಅತಿ ಸಣ್ಣ ಪರೋಪಜೀವಿ. ಇದರ ಬಾಳು ದನದ ಉಣ್ಣಿಯ ಬಾಳಿನ ಹಾಗೆ. ಉಣ್ಣಿ ರಕ್ತ ಕುಡಿದು ಉದುರಿ, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಮೊಟ್ಟೆಯಿಟ್ಟು, ಮರಿಗಳು ಮತ್ತೆ ದನ ಹತ್ತುವುದಿಲ್ಲವೇ? ಈ ಜೀವಿಯೂ ಮೀನಿನ ಚರ್ಮದ ಒಳಗೆ ಬಲಿತು, ಉದುರಿ, ತಳದಲ್ಲಿ ಗೂಡು ಕಟ್ಟಿ, ನೂರಾರಾಗಿ ಒಡೆದು ಹೊರಬರುತ್ತದೆ. ಆ ಮರಿಗಳಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧ ತಟ್ಟುವುದು ಈಜಾಡುವ ಈ ಮರಿಗಳಿಗೆ ಮಾತ್ರ. ಚರ್ಮದ ಒಳಗಿನದಕ್ಕೂ ಗೂಡಿನೊಳಗಿನದಕ್ಕೂ ತಟ್ಟದು. ಆದ್ದರಿಂದ ಚುಕ್ಕೆ ಮಾಯವಾಯಿತು ಅಂತ ಮೂರನೆಯ ದಿನಕ್ಕೇ ಉಪಚಾರ ಬಿಟ್ಟವರ ಮನೆಯಲ್ಲಿ ಮುಂದಿನ ವಾರ ಅದು ಇಮ್ಮಡಿಯಾಗಿ ಬರುತ್ತದೆ.

ಇದಕ್ಕೆ ನಿಮ್ಮ ಅಡಿಗೆಮನೆಯ ಕಲ್ಲುಪ್ಪೇ ಔಷಧ. ಲೀಟರಿಗೆ 2 ಗ್ರಾಂ ಲೆಕ್ಕ. ತೊಟ್ಟಿಯ ಉದ್ದ, ಅಗಲ, ನೀರಿನ ಆಳ ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿದರೆ ಲೀಟರು ಬರುತ್ತದೆ. 60 ಉದ್ದ, 30 ಅಗಲ, 25 ಆಳ ಇದ್ದರೆ 45 ಲೀಟರು, 90 ಗ್ರಾಂ ಉಪ್ಪು. ಒಟ್ಟಿಗೆ ಸುರಿಯಬೇಡಿ. ಮೂವತ್ತು ಮೂವತ್ತು ಗ್ರಾಂ ಮಾಡಿ, ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಸಲ ಹಾಕಿ. ನೀರು ಬದಲಿಸಿದಾಗ ಹೊಸ ನೀರಿಗೆ ಮಾತ್ರ ಲೀಟರಿಗೆ 2 ಗ್ರಾಂ ಸೇರಿಸಿ. ಆರಿಹೋದ ನೀರಿಗೆ ಬದಲಾಗಿ ಸಪ್ಪೆ ನೀರನ್ನೇ ತುಂಬಿ. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಕಡೆಯ ಚುಕ್ಕೆ ಹೋದ ಮೇಲೂ ಒಂದು ವಾರ ನಡೆಸಿ, ಆಮೇಲೆ ನೀರು ಬದಲಿಸುತ್ತಾ ಉಪ್ಪನ್ನು ಇಳಿಸಿ. ಚಿನ್ನದ ಮೀನು ಈ ಉಪ್ಪನ್ನು ತಾಳುತ್ತದೆ. ಮೀಸೆ ಮೀನಿನ ಜಾತಿಯವು, ಕೆಲವು ನೀರುಗಿಡಗಳು ಅಷ್ಟಾಗಿ ತಾಳವು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಬೆದೆಗೆ ಬಂದ ಗಂಡು ಚಿನ್ನದ ಮೀನಿನ ಕಿವಿರು ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಎಲುಬಿನ ಮೇಲೆ ಸಾಲಾಗಿ ಬಿಳಿ ಚುಕ್ಕೆ ಮೂಡುತ್ತವೆ. ಮೀನು ಚುರುಕಾಗಿಯೇ ಇರುತ್ತದೆ, ಹೆಣ್ಣನ್ನು ಅಟ್ಟಿಸಿಕೊಂಡು ತಿರುಗುತ್ತದೆ. ಅದು ಹರೆಯ, ಕಾಯಿಲೆಯಲ್ಲ! ಅದಕ್ಕೆ ಉಪ್ಪು ಬೇಡ.

ಹತ್ತಿಯಂಥ ಬಿಳಿ ಎಳೆ ಕಂಡರೆ ಬೂಷ್ಟು. ಅದು ಸಾಮಾನ್ಯವಾಗಿ ಗಾಯದ ಮೇಲೆ ಹಿಡಿಯುತ್ತದೆ, ಗಾಯ ಹೇಗಾಯಿತೆಂದು ಹುಡುಕಿ. ಉಪ್ಪು ಇದಕ್ಕೂ ಆಗುತ್ತದೆ. ಬೇಳೆಯಂತೆ ಚಪ್ಪಟೆಯಾಗಿ ಮೈಗೆ ಅಂಟಿ ಸರಿದಾಡಿದರೆ ಮೀನಿನ ಹೇನು. ಇಕ್ಕಳದಿಂದ ನಯವಾಗಿ ತೆಗೆಯಬಹುದು. ಹೊಟ್ಟೆ ಊದಿ, ಮೈಮೇಲಿನ ಪೊರೆಗಳೆಲ್ಲ ನಿಮಿರಿ ನಿಂತರೆ ಒಳಗಿನ ಅಂಗ ಕೆಟ್ಟಿದೆ. ಅಂಥದು ಬದುಕುವುದು ಅಪರೂಪ, ಬೇರೆ ಪಾತ್ರೆಗೆ ಬಿಡಿ. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆಯ ಕೊಳವೆ ಬಿಚ್ಚಿ ನೀರಿಗೆ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಕೈಯಲ್ಲಿ ಗಾಯವಿದ್ದರೆ ಈ ನೀರಿಗೆ ಕೈ ಹಾಕಬೇಡಿ, ನೀರಿನ ರೋಗಾಣು ನಮ್ಮ ಚರ್ಮಕ್ಕೂ ಹತ್ತಬಹುದು. ಕರೆಂಟು ತೆಗೆದೇ ಕೈ ಹಾಕಿ.

ಸಾಯುತ್ತಿರುವ ಮೀನನ್ನು "ಹೋಗಲಿ, ಬದುಕಿಕೊಳ್ಳಲಿ" ಅಂತ ಕೆರೆಗೋ ಕೃಷಿಹೊಂಡಕ್ಕೋ ಬಿಡುವ ಕರುಣೆ ದೊಡ್ಡ ಅನಾಹುತ. 1988ರಲ್ಲಿ ನಮ್ಮ ದೇಶದ ಈಶಾನ್ಯ ಭಾಗದಲ್ಲಿ ಕಂಡ ಮೀನಿನ ಹುಣ್ಣುರೋಗ ಆಮೇಲಿನ ವರ್ಷಗಳಲ್ಲಿ ದಕ್ಷಿಣಕ್ಕೂ ಹರಡಿ ಸಾಕುಮೀನುಗಳನ್ನು ಹಾಳುಮಾಡಿತು. ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿರುವ ನೆರೆಯವನ ವರ್ಷದ ದುಡಿಮೆ ನಿಮ್ಮ ಒಂದು ಚೊಂಬು ನೀರಿನಿಂದ ಹೋಗಬಹುದು. ಸತ್ತ ಮೀನನ್ನು ಸುಣ್ಣ ಹಾಕಿ ಹೂಳಿ. ತೊಟ್ಟಿಯ ನೀರನ್ನು ಕೆರೆಯಿಂದ ದೂರ, ಒಣನೆಲಕ್ಕೆ ಚೆಲ್ಲಿ. ಉಪ್ಪು ಹಾಕಿದ್ದನ್ನು ಗಿಡದ ಬುಡಕ್ಕೆ ಬೇಡ. ಹೊಸ ಮೀನು ತಂದರೆ ಎರಡು ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು ನೋಡಿ ಆಮೇಲೆ ಬೆರೆಸಿ.

ಇಷ್ಟರ ಮೇಲೂ ಸಾವು ನಿಲ್ಲದಿದ್ದರೆ ನಿಮ್ಮ ಭಾಗದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ಸತ್ತು ಕೊಳೆತ ಮೀನನ್ನು ಒಯ್ಯಬೇಡಿ, ಅದರಿಂದ ಏನೂ ತಿಳಿಯದು. ಬೇನೆಯಲ್ಲಿರುವ ಜೀವಂತ ಮೀನನ್ನು ಅದೇ ನೀರಿನಲ್ಲಿ ಒಯ್ಯಿರಿ. ಬೇರೆ ಸೀಸೆಯಲ್ಲಿ ತೊಟ್ಟಿಯ ನೀರು, ಮತ್ತೊಂದರಲ್ಲಿ ನೀವು ತುಂಬುವ ಬಾವಿಯ ಅಥವಾ ನಲ್ಲಿಯ ನೀರು ಇರಲಿ. ಯಾವ ದಿನ ಏನು ಹಾಕಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.