ನಳಿಕೆ ದಾಟಿದ ಮೇಲೆ ಹೊತ್ತುವ ಬೆಂಕಿ

ಗುಂಡನ್ನು ಗುರಿಯತ್ತ ನೇರವಾಗಿ ಹಾರಿಸದೆ, ಆಕಾಶದತ್ತ ಚಿಮ್ಮಿಸಿ, ಗುಡ್ಡದ ಆಚೆಗೋ ಕಂದಕದೊಳಗೋ ಮೇಲಿನಿಂದ ಬೀಳುವಂತೆ ಮಾಡುವ ಫಿರಂಗಿಗೆ ಹೊವಿಟ್ಜರ್ ಎಂದು ಹೆಸರು. ಭಾರತವೂ ಸೇರಿದಂತೆ ಅನೇಕ ದೇಶಗಳ ಸೇನೆಗಳಲ್ಲಿ ಇದರ ನಳಿಕೆಯ ಒಳವ್ಯಾಸ 155 ಮಿಲಿಮೀಟರ್. ನಳಿಕೆಯ ಉದ್ದವನ್ನು ಈ ವ್ಯಾಸದ ಇಷ್ಟು ಪಟ್ಟು ಎಂದು ಹೇಳುವುದು ರೂಢಿಯಾದ್ದರಿಂದ, 39 ಕ್ಯಾಲಿಬರ್ ಎಂದರೆ ಸುಮಾರು 6 ಮೀಟರ್, 52 ಕ್ಯಾಲಿಬರ್ ಎಂದರೆ ಸುಮಾರು 8 ಮೀಟರ್ ಉದ್ದದ ನಳಿಕೆ ಎಂದು ತಿಳಿಯಬೇಕು.

ಉರಿಯುವ ಮದ್ದಿನ ಅನಿಲ ಗುಂಡನ್ನು ತಳ್ಳುವುದು ಈ 6 ಅಥವಾ 8 ಮೀಟರಿನೊಳಗೆ ಮಾತ್ರ. ನಳಿಕೆಯ ಬಾಯಿ ದಾಟಿದ ಕ್ಷಣದಿಂದ ಗುಂಡು ಗಾಳಿಯೊಡನೆ ಸೆಣಸುತ್ತ ತನ್ನ ವೇಗವನ್ನು ಕಳೆದುಕೊಳ್ಳುತ್ತ ಸಾಗುತ್ತದೆ. ಈ ನಷ್ಟ ಎಷ್ಟು ದೊಡ್ಡದೆಂಬುದು ಒಂದು ಲೆಕ್ಕದಿಂದ ತಿಳಿಯುತ್ತದೆ. ಸೆಕೆಂಡಿಗೆ ಸುಮಾರು 826 ಮೀಟರ್ ವೇಗದಲ್ಲಿ, 45 ಡಿಗ್ರಿ ಕೋನದಲ್ಲಿ ಹೊರಟ ಗುಂಡು ಗಾಳಿಯೇ ಇಲ್ಲದಿದ್ದರೆ ಸುಮಾರು 70 ಕಿ.ಮೀ. ಆಚೆ ಬೀಳಬೇಕು, ಆದರೆ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹಾರಿಸುವ ಎಂ777 ಹೊವಿಟ್ಜರಿನ ಸಾಮಾನ್ಯ ಗುಂಡು ತಲುಪುವುದು 24 ಕಿ.ಮೀ. ಆಸುಪಾಸಿಗೆ. ಉಳಿದದ್ದೆಲ್ಲ ಗಾಳಿಯ ಪಾಲು. 1999ರ ಕಾರ್ಗಿಲ್ ಯುದ್ಧದಲ್ಲಿ ಬೋಫೋರ್ಸ್ ಫಿರಂಗಿಗಳ ಗುಂಡುಗಳು ಬಯಲು ಸೀಮೆಯಲ್ಲಿ ಹೋಗುವುದಕ್ಕಿಂತ ದೂರ ಹೋದದ್ದು ಅಲ್ಲಿನ ಎತ್ತರದಲ್ಲಿ ಗಾಳಿ ತೆಳುವಾಗಿದ್ದುದರಿಂದಲೇ.

ಹಾಗಾದರೆ ಇನ್ನಷ್ಟು ಮದ್ದು ತುಂಬಿದರಾಗದೇ ಎಂದರೆ, ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಹೀಗೆ ಗಳಿಸಿದ ವೇಗದ ಬಹುಭಾಗ ಮತ್ತೆ ಗಾಳಿಗೇ ಹೋಗುತ್ತದೆ. ಹೆಚ್ಚಿದ ಒತ್ತಡ ಮತ್ತು ಕಾವು ನಳಿಕೆಯ ಒಳಮೈಯನ್ನು ಬೇಗ ಸವೆಸುತ್ತವೆ. ಹೀಗಾಗಿ ತಳ್ಳುವ ಕೆಲಸದ ಒಂದು ಪಾಲನ್ನು ನಳಿಕೆಯಿಂದ ತೆಗೆದು ಆಕಾಶಕ್ಕೆ ವರ್ಗಾಯಿಸುವ ಉಪಾಯವಾಗಿ ರಾಕೆಟ್ ನೆರವಿನ ಗುಂಡು ರೂಪುಗೊಂಡಿತು.

ಅಮೆರಿಕದ ಎಂ549ಎ1 ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 43.5 ಕಿಲೋ ತೂಗುವ ಈ ಗುಂಡಿನ ಮುಂಭಾಗದಲ್ಲಿ ಸಿಡಿಮದ್ದು, ಹಿಂಭಾಗದಲ್ಲಿ ಘನ ಇಂಧನದ ಪುಟ್ಟ ರಾಕೆಟ್ ಇವೆ. ನಳಿಕೆಯೊಳಗಿನ ಬಿಸಿ ಅನಿಲ ಗುಂಡಿನ ತಳದಲ್ಲಿರುವ ನಿಧಾನವಾಗಿ ಉರಿಯುವ ಬತ್ತಿಯಂಥ ಮದ್ದಿಗೆ ಕಿಡಿ ತಾಗಿಸುತ್ತದೆ. ಅದು ಸುಮಾರು 7 ಸೆಕೆಂಡು ಉರಿದು ರಾಕೆಟ್ಟನ್ನು ಹೊತ್ತಿಸಿದರೆ, ರಾಕೆಟ್ ಸುಮಾರು 3 ಸೆಕೆಂಡು ಮಾತ್ರ ಉರಿದು ನಂದುತ್ತದೆ. ಈ 7 ಸೆಕೆಂಡಿನ ಕಾಯುವಿಕೆಗೆ ಕಾರಣವಿದೆ. ಅಷ್ಟರಲ್ಲಿ ಗುಂಡು ಮೇಲಿನ ತೆಳುಗಾಳಿಯನ್ನು ಸೇರಿರುತ್ತದೆ. ನೆಲದ ಬಳಿಯ ದಟ್ಟ ಗಾಳಿಯಲ್ಲಿ ವ್ಯರ್ಥವಾಗಬಹುದಾಗಿದ್ದ ತಳ್ಳುಬಲ ಅಲ್ಲಿ ದೂರವಾಗಿ ಪರಿಣಮಿಸುತ್ತದೆ. 39 ಕ್ಯಾಲಿಬರಿನ ನಳಿಕೆಯಿಂದ ಹೊರಟರೂ ಈ ಗುಂಡು ಸುಮಾರು 30 ಕಿ.ಮೀ. ಮುಟ್ಟುವುದು ಹೀಗೆ. ಗುರುತ್ವಾಕರ್ಷಣೆಯ ಸಾವಿರಾರು ಪಟ್ಟು ಹೊಡೆತವನ್ನೂ, ಸೆಕೆಂಡಿಗೆ 250ಕ್ಕೂ ಹೆಚ್ಚು ಸುತ್ತಿನ ತಿರುಗುವಿಕೆಯನ್ನೂ ಇಂಧನ ತಾಳಿಕೊಳ್ಳಬೇಕು. ಅದರಲ್ಲಿ ಬಿರುಕು ಬಿಟ್ಟರೆ ಉರಿಯುವ ಮೇಲ್ಮೈ ಹೆಚ್ಚಿ ರಾಕೆಟ್ಟೇ ಸ್ಫೋಟಿಸಬಹುದು.

ರಾಕೆಟ್ ಮತ್ತು ಫಿರಂಗಿ ಬಹುಕಾಲ ಬೇರೆ ಬೇರೆ ದಾರಿಯಲ್ಲಿ ನಡೆದ ಆಯುಧಗಳು. ಹೈದರ್ ಮತ್ತು ಟಿಪ್ಪುವಿನ ಮೈಸೂರು ಸೇನೆ ಕಬ್ಬಿಣದ ಕವಚದ ರಾಕೆಟ್ಟುಗಳನ್ನು ಬಳಸಿದ್ದು ಫಿರಂಗಿಗಳ ಜೊತೆಯಲ್ಲೇ ಹೊರತು ಅವುಗಳ ಒಳಗಿನಿಂದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳಿಗೆ ಇವೇ ಪ್ರೇರಣೆಯಾದವು. ಎರಡೂ ಒಂದೇ ಗುಂಡಿನಲ್ಲಿ ಕೂಡಿ ಯುದ್ಧರಂಗಕ್ಕೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಜರ್ಮನರ 15 ಸೆಂಟಿಮೀಟರ್ ಹೊವಿಟ್ಜರಿನ ವ್ಯಾಪ್ತಿಯನ್ನು ಇಂಥ ಗುಂಡು ಸುಮಾರು 13 ಕಿ.ಮೀ.ಯಿಂದ 18 ಕಿ.ಮೀ.ಗೆ ಏರಿಸಿತು, ಆದರೆ ನಳಿಕೆಯ ಸವೆತವೂ ಗುರಿಯ ಚೆದುರುವಿಕೆಯೂ ಹೆಚ್ಚಾದ ಕಾರಣ ಅದರ ಬಳಕೆ ಬೆಳೆಯಲಿಲ್ಲ.

ಈ ತೊಡಕುಗಳ ಮೂಲ ಇಂದಿಗೂ ಹಾಗೆಯೇ ಇದೆ. ಗುಂಡಿನೊಳಗಿನ ಜಾಗ ಸೀಮಿತವಾದ್ದರಿಂದ ರಾಕೆಟ್ ಒಳಗೆ ಬಂದಷ್ಟೂ ಸಿಡಿಮದ್ದು ಹೊರಗೆ ಹೋಗಬೇಕು: ಅಮೆರಿಕದ ಸಾಮಾನ್ಯ ಎಂ795 ಗುಂಡಿನಲ್ಲಿ ಸುಮಾರು 10.8 ಕಿಲೋ ಟಿಎನ್‌ಟಿ ಹಿಡಿದರೆ ಎಂ549ಎ1ರಲ್ಲಿ ಹಿಡಿಯುವುದು ಸುಮಾರು 6.8 ಕಿಲೋ. ಹೊತ್ತುವ ಗಳಿಗೆಯಲ್ಲೋ ಉರಿಯುವ ರಭಸದಲ್ಲೋ ಕೂದಲೆಳೆಯಷ್ಟು ಏರುಪೇರಾದರೂ ಗುಂಡು ಬೀಳುವ ಜಾಗ ಸರಿಯುತ್ತದೆ. ಆದ್ದರಿಂದಲೇ ಬೇಸ್ ಬ್ಲೀಡ್ ಎಂಬ ಸೌಮ್ಯವಾದ ಮಾರ್ಗವೂ ಬಳಕೆಯಲ್ಲಿದೆ. ಇದರಲ್ಲಿ ಗುಂಡಿನ ತಳದಲ್ಲಿ ಉರಿಯುವ ಸಣ್ಣ ಮದ್ದು ಗುಂಡನ್ನು ಮುಂದಕ್ಕೆ ತಳ್ಳುವುದಿಲ್ಲ. ಗುಂಡಿನ ಬೆನ್ನ ಹಿಂದೆ ಉಂಟಾಗಿ ಅದನ್ನು ಹಿಂದಕ್ಕೆ ಎಳೆಯುವ ಕಡಿಮೆ ಒತ್ತಡದ ಪೊಳ್ಳನ್ನು ಅನಿಲದಿಂದ ತುಂಬುತ್ತದೆ, ಅಷ್ಟೆ. ಡಿಆರ್‌ಡಿಒ ವಿನ್ಯಾಸಗೊಳಿಸಿದ, 52 ಕ್ಯಾಲಿಬರಿನ ಅಟ್ಯಾಗ್ಸ್ ಫಿರಂಗಿ 2017ರಲ್ಲಿ ಪೋಖ್ರಾನಿನಲ್ಲಿ ಸುಮಾರು 48 ಕಿ.ಮೀ. ದೂರ ಸಾಧಿಸಿದ್ದು ಉದ್ದನೆಯ ನಳಿಕೆ, ಹೆಚ್ಚು ಮದ್ದು ಹಿಡಿಯುವ 25 ಲೀಟರಿನ ಕೋಣೆ ಮತ್ತು ಬೇಸ್ ಬ್ಲೀಡ್ ಗುಂಡು ಈ ಮೂರರ ಬಲದಿಂದ.

ದೂರದ ಆಸೆಗೆ ಎಲ್ಲೆಯಿಲ್ಲ. ಉಕ್ಕಿಗೆ ಮಾತ್ರ ಇದೆ. ಅಮೆರಿಕದ ಸೇನೆ 58 ಕ್ಯಾಲಿಬರಿನ, ಅಂದರೆ ಸುಮಾರು 9 ಮೀಟರ್ ಉದ್ದದ ನಳಿಕೆಯನ್ನು ರೂಪಿಸಿ, 2020ರ ಡಿಸೆಂಬರಿನಲ್ಲಿ ಯೂಮಾ ಪರೀಕ್ಷಾ ವಲಯದಲ್ಲಿ ಎಕ್ಸ್‌ಕ್ಯಾಲಿಬರ್ ಎಂಬ ಮಾರ್ಗದರ್ಶಿತ ಗುಂಡಿನಿಂದ 70 ಕಿ.ಮೀ. ಆಚೆಯ ಗುರಿಯನ್ನು ಹೊಡೆಯಿತು. ಅದೇ ನಳಿಕೆಗಾಗಿ ಎಕ್ಸ್‌ಎಂ1113 ಎಂಬ ಹೊಸ ರಾಕೆಟ್ ಗುಂಡೂ ಸಿದ್ಧವಾಗುತ್ತಿತ್ತು. ಆದರೆ ಹೆಚ್ಚು ಹೊಡೆತಗಳಾಗುವ ಮುನ್ನವೇ ನಳಿಕೆ ವಿಪರೀತ ಸವೆಯುತ್ತಿದ್ದುದರಿಂದ 2024ರಲ್ಲಿ ಆ ಫಿರಂಗಿಯ ಯೋಜನೆಯನ್ನೇ ಕೈಬಿಡಲಾಯಿತು. ಹೊಸ ಗುಂಡಿನ ಕೆಲಸ ಮಾತ್ರ ನಿಲ್ಲಲಿಲ್ಲ. ನಳಿಕೆ ಹೊರಲಾರದ ಹೊರೆಯನ್ನು ಗುಂಡೇ ಹೊತ್ತು ಸಾಗಬೇಕೆಂಬ ಹಳೆಯ ಉಪಾಯ, ಸಿಡಿಮದ್ದಿನಲ್ಲೂ ನಿಖರತೆಯಲ್ಲೂ ಬೆಲೆ ತೆತ್ತುಕೊಂಡೇ, ಇನ್ನೂ ಬಾಳುತ್ತಿರುವುದು ಈ ಕಾರಣಕ್ಕೆ.